ನಾಟಕದ ಹಳೆ ಸಾಮಾನು, ವಾಣಿಜ್ಯ ಮೌಲ್ಯವಿಲ್ಲ

ಆಫೀಸಿನ ನನ್ನ ಮೇಜಿನ ಗಾಜಿನ ಕೆಳಗೆ ಒಂದು ಪಟ್ಟಿ ಇದೆ. ಕುವೈತಿಗೆ ಏನೇನು ತರಿಸಬಾರದು ಎನ್ನುವುದರ ಪಟ್ಟಿ. ಮದ್ಯ, ಹಂದಿಮಾಂಸ, ಗಸಗಸೆ ಎಂದು ಶುರುವಾಗುತ್ತದೆ. ನಾಲ್ಕನೆಯ ಸಾಲು ಹೀಗಿದೆ: ಆಯುಧ, ಆಯುಧದ ಬಿಡಿಭಾಗ, ಆಯುಧದಂತೆ ಕಾಣುವ ವಸ್ತು. ಟೈಪ್ ಮಾಡಿದವಳು ನಾನೇ, ಗಾಜು ಎತ್ತಿ ಕೆಳಗೆ ಸೇರಿಸಿದವಳೂ ನಾನೇ. ದಿನಾ ಅದರ ಮೇಲೆ ಚಹಾದ ಕಪ್ ಇಡುತ್ತೇನೆ.

ಹದಿನಾರು ವರ್ಷದಿಂದ ನಾನು ಕಾರ್ಗೋ ಕ್ಲಿಯರಿಂಗ್ ಆಫೀಸಿನಲ್ಲಿ ಕಾಗದಪತ್ರದ ಕೆಲಸ ಮಾಡುತ್ತಿದ್ದೇನೆ. ಹೊರದೇಶದಿಂದ ಬರುವ ಪೆಟ್ಟಿಗೆಯೊಳಗೆ ಏನಿದೆ ಎಂದು ಕಸ್ಟಮ್ಸಿನವರಿಗೆ ಬರೆದುಕೊಡುವುದು ನನ್ನ ಕೆಲಸ. ಈ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಒಮ್ಮೆ ಒಬ್ಬ ಗಿರಾಕಿ ಪ್ಲಾಸ್ಟಿಕ್ ಗುಂಡು ಹಾರಿಸುವ ಪಿಸ್ತೂಲನ್ನು ಆನ್‌ಲೈನಿನಲ್ಲಿ ತರಿಸಿದ್ದ. "ಟಾಯ್ಸ್ ಅಂತ ಬರ್ದುಬಿಡಿ ಮೇಡಂ" ಎಂದ. ನಾನು ಬಿಡುತ್ತೇನಾ? "ನನ್ನ ತಲೆ ಮೇಲೆ ತರ್ತೀರಾ ಮಾರಾಯ್ರೆ? ಇದ್ದದ್ದು ಇದ್ದ ಹಾಗೆ ಬರೀರಿ" ಎಂದು ಗದರಿಸಿ ಬರೆಸಿದೆ. ಕಸ್ಟಮ್ಸಿನವರು ಪಿಸ್ತೂಲು ಕಿತ್ತುಕೊಂಡರು, ಒಂದು ಕಾಗದಕ್ಕೆ ಸಹಿ ಹಾಕಿಸಿದರು, ಮನೆಗೆ ಕಳಿಸಿದರು. ಅಷ್ಟೇ, ಖಲಾಸ್. ಈ ಕಥೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ. ನನ್ನ ಗಂಡನಿಗೆ ಅದು ಬಾಯಿಪಾಠ ಆಗಿರಬೇಕಿತ್ತು. ಆಗಿರಲಿಲ್ಲ. ನಾನು ಹೇಳುವಾಗ ಅವರು ಕೇಳುವುದಿಲ್ಲ, ಅವರು ಹೇಳುವಾಗ ನಾನು ಕೇಳುವುದಿಲ್ಲ. ನಮ್ಮ ಸಂಸಾರ ಇಪ್ಪತ್ತು ವರ್ಷ ಹೀಗೇ ನಡೆದದ್ದು.

ಅವರು ಸಾಲ್ಮಿಯಾದ ಒಂದು ಹೋಟೆಲಿನಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಅಕ್ಕಿ, ಎಣ್ಣೆ, ಟವೆಲು, ಸಾಬೂನು ನೋಡಿಕೊಳ್ಳುವ ಕೆಲಸ. ಆದರೆ ಜೀವ ಇದ್ದದ್ದು ನಾಟಕದಲ್ಲಿ. ಕುವೈತಿನಲ್ಲಿರುವ ನಮ್ಮ ಊರಿನವರು ಸೇರಿ ಪ್ರತಿ ಚಳಿಗಾಲ ಒಂದು ತುಳು ನಾಟಕ ಆಡುತ್ತಾರೆ. ಶಾಲೆಯೊಂದರ ಹಾಲ್ ಬಾಡಿಗೆಗೆ ಹಿಡಿಯುವುದು, ಎರಡು ತಿಂಗಳು ಶುಕ್ರವಾರ ಶುಕ್ರವಾರ ರಿಹರ್ಸಲ್, ಒಂದು ದಿನದ ಪ್ರದರ್ಶನ. ಇವರಿಗೆ ಬಣ್ಣ ಹಚ್ಚಿ ನಿಲ್ಲಲು ಹೆದರಿಕೆ, ಜನ ಕಂಡರೆ ನಾಲಗೆ ಒಣಗುತ್ತದೆ. ಆದ್ದರಿಂದ ಸಾಮಾನಿನ ಜವಾಬ್ದಾರಿ. ಮುದುಕನ ಕೋಲು, ಪೋಲೀಸನ ಟೋಪಿ, ಮದುವೆಯ ಹಾರ, ಎಲ್ಲ ಇವರದ್ದೇ. ನಮ್ಮ ಮಂಚದ ಕೆಳಗೆ ಮೂರು ಪೆಟ್ಟಿಗೆ ತುಂಬ ಅದೇ ಇತ್ತು. ಗುಂಡಿನ ಶಬ್ದವೂ ಇವರದ್ದೇ.

ಹಾಲಿನೊಳಗೆ ಪಟಾಕಿಗೆ ಅನುಮತಿ ಇಲ್ಲ. ಹಾಗಾಗಿ ಇವರು ಎರಡು ಹಲಗೆಗೆ ತಿರುಗಣಿ ಹೊಡೆದು, ಬಾಯಿಯ ಹಾಗೆ ತೆರೆದು ಮುಚ್ಚುವ ಒಂದು ಸಾಧನ ಮಾಡಿದ್ದರು. ವೇದಿಕೆಯ ಮೇಲೆ ಹೀರೋ ಮರದ ಪಿಸ್ತೂಲಿನ ಕುದುರೆ ಎಳೆಯುವಾಗ ಪರದೆಯ ಹಿಂದೆ ಇವರು ಹಲಗೆ ಬಡಿಯಬೇಕು. ಎಷ್ಟೋ ವರ್ಷ ಅದು ಚೆನ್ನಾಗಿಯೇ ನಡೆಯಿತು. ಆ ವರ್ಷ ಮಾತ್ರ ಹೀರೋ ಅಡ್ಡ ನಿಂತದ್ದರಿಂದ ಇವರಿಗೆ ಅವನ ಕೈ ಕಾಣಲಿಲ್ಲ. ಹೀರೋ ಗುಂಡು ಹೊಡೆದ, ಶಬ್ದ ಇಲ್ಲ. ಇನ್ನೊಮ್ಮೆ ಹೊಡೆದ, ಇಲ್ಲ. ವಿಲನ್ ಎಷ್ಟು ಹೊತ್ತು ಕಾಯುತ್ತಾನೆ ಪಾಪ, ಎದೆ ಹಿಡಿದುಕೊಂಡು ಬಿದ್ದ. ಬಿದ್ದು ಕಣ್ಣು ಮುಚ್ಚಿದ ಮೇಲೆ 'ಟಪ್' ಎಂದು ಹಲಗೆ ಬಡಿಯಿತು. ಸತ್ತವ ಬೆಚ್ಚಿ ಎದ್ದು ಕೂತ.

ಅಯ್ಯೋ, ಆ ನಗು! ಅದು ಅಳಬೇಕಾದ ದೃಶ್ಯ, ತಂಗಿಯ ಸಾವಿಗೆ ಅಣ್ಣ ಸೇಡು ತೀರಿಸುವ ದೃಶ್ಯ. ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು, ನಾನೂ ನಕ್ಕೆ. ಯಾರೋ ವಿಡಿಯೋ ಮಾಡಿ ವಾಟ್ಸಾಪಿಗೆ ಬಿಟ್ಟರು. ಮಂಗಫ್‌ನಿಂದ ರಿಫೈನರಿಗೆ ಹೋಗುವ ಕಂಪೆನಿ ಬಸ್ಸಿನಲ್ಲೂ ಅದನ್ನೇ ನೋಡುತ್ತಿದ್ದರಂತೆ. ಸಾಲ್ಮಿಯಾದ ದಾರಿಯಲ್ಲಿ ನಮ್ಮವರು ಸಿಕ್ಕಿದರೆ "ಎಂತ ಭಾಯಿ, ಟಪ್!" ಎನ್ನುವುದು. ಇವರೂ ಹಲ್ಲು ಕಿರಿದು ನಗುವುದು. ಮನೆಗೆ ಬಂದರೆ ಅರ್ಧ ಊಟಕ್ಕೇ ಎದ್ದು ಕೈ ತೊಳೆಯುವುದು. ನನಗೆ ಸಿಟ್ಟು ಬರುತ್ತಿತ್ತು. ನಾಟಕದ ಒಂದು ಶಬ್ದಕ್ಕೆ ಇಷ್ಟು ಬೇಸರವಾ ಎಂದು. ಈಗ ಅನಿಸುತ್ತದೆ, ಅವರಿಗೆ ಈ ಊರಿನಲ್ಲಿ ತಮ್ಮದೆಂದು ಇದ್ದದ್ದು ಅದೊಂದೇ.

"ಮೊಬೈಲಿಂದ ಗುಂಡಿನ ಸೌಂಡ್ ಸ್ಪೀಕರಿಗೆ ಹಾಕಿದ್ರೆ ಆಗುದಿಲ್ವಾ?" ಎಂದು ಒಮ್ಮೆ ಕೇಳಿದೆ.

"ಸ್ಪೀಕರ್ ಇರೂದು ಗೋಡೆಯಲ್ಲಿ. ಪಿಸ್ತೂಲು ಇರೂದು ಕೈಯಲ್ಲಿ. ಜನ ಎಂತ, ಪೆದ್ದರಾ?" ಎಂದರು.

ಹಾಗೆ ಶುರುವಾಯಿತು ಅವರ ಹುಡುಕಾಟ. ಆನ್‌ಲೈನ್ ಹರಾಜಿನ ಸೈಟುಗಳನ್ನು ಅವರಿಗೆ ತೋರಿಸಿಕೊಟ್ಟವಳು ನಮ್ಮ ಮಗಳು. ಆಗ ಹನ್ನೆರಡನೆಯ ಕ್ಲಾಸು. ನಾವು ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ, ಅಪ್ಪನ ಬೆನ್ನಿಗೆ ಮಾತ್ರ ಯಾವಾಗಲೂ ಅಂಟಿಕೊಂಡವಳು. ಯೂರೋಪಿನಲ್ಲಿ ಎಲ್ಲೋ ಒಂದು ನಾಟಕ ಕಂಪೆನಿ ಮುಚ್ಚಿಹೋಗಿ, ಅದರ ಸಾಮಾನನ್ನೆಲ್ಲ ಹರಾಜಿಗೆ ಹಾಕಿದ್ದರು. ಕಿರೀಟ, ಕತ್ತಿ, ಹಳೆಯ ಟೆಲಿಫೋನು, ಮತ್ತು ಒಂದು ರಿವಾಲ್ವರ್. ನಳಿಗೆಗೆ ಸೀಸ ಹೊಯ್ದು ಮುಚ್ಚಿದ್ದು. ಗುಂಡು ಹಾರುವುದಿಲ್ಲ, ಒಳಗೆ ಮದ್ದಿನ ಕ್ಯಾಪ್ ಇಟ್ಟರೆ ಶಬ್ದ ಬರುತ್ತದೆ, ಅಷ್ಟೇ. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದು.

ಆವತ್ತು ಶುಕ್ರವಾರ ಮಧ್ಯಾಹ್ನ. ನಾನು ಸಿಂಕಿನ ಎದುರು ನಿಂತು ಬಂಗುಡೆ ಕೊಯ್ಯುತ್ತಿದ್ದೆ. ಅಪ್ಪ ಮಗಳು ಸೋಫಾದಲ್ಲಿ ಫೋನಿನ ಮೇಲೆ ಬಗ್ಗಿಕೊಂಡು "ಯಲ್ಲಾ ಯಲ್ಲಾ" ಎಂದು ಬೊಬ್ಬೆ. ಹರಾಜಿನ ಕೊನೆಯ ನಿಮಿಷವಂತೆ. ನಾನು ತಿರುಗಿಯೂ ನೋಡಲಿಲ್ಲ. ಕೊನೆಗೆ ಗೆದ್ದರು. ಮಗಳು ಕೈ ತಟ್ಟಿದಳು. ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಅಲ್ಲಾ ಮಾರಾಯ್ತಿ, ನಾಟಕದ್ದು ಹಳೆ ಸಾಮಾನು ತರಿಸಿದ್ರೆ ಪೆಟ್ಟಿಗೆ ಮೇಲೆ ಎಂತ ಬರೀಬೇಕು? ಕಳಿಸುವವ ಕೇಳ್ತಿದ್ದಾನೆ."

ಕೈ ತುಂಬ ಮೀನಿನ ರಕ್ತ, ಚಾಕು ಬೇರೆ ಹರಿತವಿಲ್ಲ, ನನಗೆ ತಲೆ ಬಿಸಿ. "ಯೂಸ್ಡ್ ಸ್ಟೇಜ್ ಐಟಮ್ಸ್, ನೋ ಕಮರ್ಷಿಯಲ್ ವ್ಯಾಲ್ಯೂ ಅಂತ ಬರೀಲಿಕ್ಕೆ ಹೇಳಿ. ಯಾರೂ ಬಿಚ್ಚಿ ನೋಡುದಿಲ್ಲ" ಎಂದೆ. ನಾಟಕದ ಹಳೆ ಸಾಮಾನು, ವಾಣಿಜ್ಯ ಮೌಲ್ಯವಿಲ್ಲ. ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಬರೆಯುವ ಸಾಲು. ಭರತನಾಟ್ಯದವರ ಗೆಜ್ಜೆ, ಚರ್ಚಿನವರ ಕ್ರಿಸ್‌ಮಸ್ ಗೋದಲಿಯ ಗೊಂಬೆ, ಎಲ್ಲಕ್ಕೂ ಇದೇ ಸಾಲು ಬರೆದು ಪಾರು ಮಾಡಿದ್ದೇನೆ. ಯಾವ ಸಾಮಾನು ಎಂದು ಕೇಳಲಿಲ್ಲ. ಮೂರು ಅಕ್ಷರ, 'ಎಂತದ್ದು' ಎಂದು ಕೇಳಿದ್ದರೆ ಆಗುತ್ತಿತ್ತು. ಗಿರಾಕಿ ಬಂದು ನಿಂತರೆ ನಾನು ಮೊದಲು ಕೇಳುವ ಪ್ರಶ್ನೆಯೇ ಅದು. ಗಂಡನಿಗೆ ಕೇಳಲಿಲ್ಲ. ಅವರು "ಹಾಂ, ಸ್ಟೇಜ್ ಐಟಮ್ಸ್" ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಹೋದರು.

ಮೂರು ವಾರದ ಮೇಲೆ ಪಾರ್ಸೆಲ್ ಬಂದಿದೆಯೆಂದು ಮೆಸೇಜು ಬಂತು, ಸಿವಿಲ್ ಐಡಿ ಹಿಡಿದುಕೊಂಡು ಬರಬೇಕೆಂದು. ಅವರು ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ದಾರಿಯಿಂದ ನನಗೆ ಫೋನು. "ಬಂತು ಮಾರಾಯ್ತಿ! ಈ ವರ್ಷ ಒಬ್ಬ ನಗಲಿ ನೋಡುವಾ." ಕೆಲಸದ ಮಧ್ಯೆ ಇದೇನು ಎಂದು ನಾನು "ಹೂಂ ಹೂಂ" ಎಂದು ಇಟ್ಟೆ.

ಮೂರು ಗಂಟೆಯಾದರೂ ಫೋನು ಎತ್ತಲಿಲ್ಲ. ನಾಲ್ಕಕ್ಕೆ ಸ್ವಿಚ್ ಆಫ್. ನಮ್ಮ ಆಫೀಸಿನ ಮಂದೂಬನಿಗೆ ಹೇಳಿದೆ. ಮಂದೂಬ್ ಎಂದರೆ ಕಂಪೆನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವವ. ನಮ್ಮವ ಈಜಿಪ್ಟಿನ ವಯಸ್ಸಾದ ಮನುಷ್ಯ, ಕಸ್ಟಮ್ಸಿನ ಪ್ರತಿ ಬಾಗಿಲೂ ಅವನಿಗೆ ಪರಿಚಯ. ಅವನು ಹೋಗಿ ಎರಡು ಗಂಟೆಯಲ್ಲಿ ವಾಪಸ್ಸು ಬಂದ. ನನ್ನ ಎದುರಿನ ಕುರ್ಚಿಯಲ್ಲಿ ಕೂತು, ಚಹಾ ಬೇಡ ಎಂದ. ಅವನು ಚಹಾ ಬೇಡ ಎಂದದ್ದನ್ನು ನಾನು ಕಂಡೇ ಇರಲಿಲ್ಲ.

"ಮದಾಮ್, ಪಿಸ್ತೋಲ್" ಎಂದ.

ಗುಂಡು ಹಾರುವುದಿಲ್ಲ, ಬಾಯಿ ಮುಚ್ಚಿದ್ದು, ನಾಟಕಕ್ಕೆ ಎಂದು ಇವರು ಅಲ್ಲಿ ಎಲ್ಲರ ಕೈ ಕಾಲು ಹಿಡಿದಿದ್ದರಂತೆ. ಆ ವಿಡಿಯೋವನ್ನೂ ತೋರಿಸಿದರಂತೆ, 'ಟಪ್' ವಿಡಿಯೋ. ಯಾರೂ ನಗಲಿಲ್ಲ. ಪೋಲೀಸರು ಬಂದು ಕರೆದುಕೊಂಡು ಹೋದರು.

ಮಂದೂಬ್ ಫೋನಿನಲ್ಲಿ ಒಂದು ಫೋಟೋ ತೋರಿಸಿದ, ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯದ್ದು. "ದೇಖೋ ಮದಾಮ್. ಪಿಸ್ತೋಲ್ ಲಿಖ್ತಾ, ಸಾಮಾನ್ ಲೇತಾ, ಸಿಗ್ನೇಚರ್, ಘರ್ ಜಾತಾ. ಯೇ ಕ್ಯೂಂ ಛುಪಾಯಾ?" ಪಿಸ್ತೂಲು ಎಂದೇ ಬರೆದಿದ್ದರೆ ವಸ್ತು ಕಿತ್ತುಕೊಂಡು, ಸಹಿ ಹಾಕಿಸಿ ಮನೆಗೆ ಬಿಡುತ್ತಿದ್ದರು. ಮುಚ್ಚಿಟ್ಟದ್ದು ಯಾಕೆ ಎಂಬುದು ಈಗ ಪ್ರಶ್ನೆ. ಚೀಟಿಯ ಮೇಲೆ ನನ್ನ ಸಾಲು ಇತ್ತು. ಅಲ್ಪವಿರಾಮ ಕೂಡ ನಾನು ಹಾಕುವ ಜಾಗದಲ್ಲೇ.

ಆವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ, ಮಗಳಿಂದ ಲಿಂಕ್ ತರಿಸಿಕೊಂಡು ಆ ಹರಾಜಿನ ಪುಟವನ್ನು ಪೂರ್ತಿ ಓದಿದೆ. ಚಿತ್ರದ ಕೆಳಗೆ, ಇನ್ನೂ ಕೆಳಗೆ, ಇರುವೆಯಂಥ ಅಕ್ಷರಗಳಲ್ಲಿ ಎಲ್ಲ ಬರೆದಿತ್ತು. ನಿಜವಾದ ಕೈಬಂದೂಕನ್ನು ಖರೀದಿಸಿದವನ ಮನೆಗೆ ಕಳಿಸುವಂತಿಲ್ಲ, ಲೈಸೆನ್ಸ್ ಇರುವ ವ್ಯಾಪಾರಿಯಿಂದ ಲೈಸೆನ್ಸ್ ಇರುವ ವ್ಯಾಪಾರಿಗೇ ಹೋಗಬೇಕು, ತೆಗೆದುಕೊಳ್ಳುವವ ಅಲ್ಲಿಗೆ ತನ್ನ ಕಾಗದಪತ್ರ ಸಮೇತ ಬಂದು ನಿಲ್ಲಬೇಕು. ಈ ವಸ್ತು ನಮ್ಮ ದೇಶದಲ್ಲಿ ಬಂದೂಕು ಅಲ್ಲ, ನಾಟಕದ ಸಾಮಾನು. ನಿಮ್ಮ ದೇಶದಲ್ಲಿ ಏನೆಂದು ನೀವೇ ವಿಚಾರಿಸಿಕೊಳ್ಳಬೇಕು. ಬಂದೂಕು ಎನಿಸುವುದಾದರೆ ನಿಮ್ಮ ಸರ್ಕಾರದ ಅನುಮತಿ ಮೊದಲು, ಬಿಡ್ ಆಮೇಲೆ. ಹೊಣೆ ಪೂರ್ತಿ ಕೊಳ್ಳುವವರದ್ದು. ಓದಿ ಓದಿ ನನಗೆ ಅದರಲ್ಲಿ ಒಂದು ತಪ್ಪೂ ಸಿಗಲಿಲ್ಲ. ಇಲ್ಲಿ ಅಂಥ ಅನುಮತಿ ಕೊಡಬೇಕಾದದ್ದು ಮಂತ್ರಾಲಯ. ಹೋಟೆಲಿನ ಸ್ಟೋರ್‌ಕೀಪರ್ ಒಬ್ಬನಿಗೆ ನಾಟಕ ಆಡಲು ಯಾರು ಕೊಡುತ್ತಾರೆ? ಇವೆಲ್ಲವೂ ನನಗೆ ಗೊತ್ತಿದ್ದ ವಿಷಯ. ಗಾಜಿನ ಕೆಳಗಿನ ನಾಲ್ಕನೆಯ ಸಾಲು.

ಮಗಳು ಬಾಗಿಲು ತೆಗೆದಳು. ಸುದ್ದಿ ಅವಳಿಗೆ ಮುಟ್ಟಿತ್ತು. ಅಳುತ್ತಿರಲಿಲ್ಲ. ನನ್ನ ಮುಖವನ್ನೇ ನೋಡಿ, ಮೆತ್ತಗೆ, "ಅಮ್ಮಾ, ಯೂ ಟೋಲ್ಡ್ ಹಿಮ್" ಎಂದಳು. ಅವಳಿಗೆ ಒಂದು ಬಾರಿಸಿಬಿಡೋಣ ಎನಿಸಿತು, ಅವಳನ್ನು ತಬ್ಬಿಕೊಂಡು ಬೊಬ್ಬೆ ಹೊಡೆದು ಅಳೋಣ ಎನಿಸಿತು. ಎರಡೂ ಮಾಡದೆ ಹೋಗಿ ಅನ್ನಕ್ಕೆ ಇಟ್ಟೆ.

ಎರಡು ದಿನದ ಮೇಲೆ ನಾಟಕದವರು ಮನೆಗೆ ಬಂದರು, ಹೀರೋ ಮತ್ತು ಸಂಘದ ಅಧ್ಯಕ್ಷರು. ಕೂತರು, ಚಹಾ ಕುಡಿದರು, "ದೇವರಿದ್ದಾನೆ ಅಕ್ಕಾ" ಎಂದರು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಅಧ್ಯಕ್ಷರು ಬಾಯಿಬಿಟ್ಟರು. "ಅಕ್ಕಾ, ಸಂಘದ ಹೆಸರು ಎಲ್ಲಿಯೂ ಬರದ ಹಾಗೆ ನೋಡಿ ಆಯ್ತಾ. ನಮಗೆ ಎಲ್ಲರಿಗೂ ಇಕಾಮಾ ಉಂಟಲ್ಲ."

ಥೂ! ನಿಮ್ಮ ಸಂಘಕ್ಕಿಷ್ಟು ಎಂದು ಬಾಯಿಗೆ ಬಂದಂತೆ ಬೈದೆ. ಮೆಟ್ಟಿಲಿನವರೆಗೂ ಬೈದೆ. ಅವರು ತಲೆ ತಗ್ಗಿಸಿ ಇಳಿದು ಹೋದರು. ಒಳಗೆ ಬಂದು ಕೂತ ಮೇಲೆ ಹೊಳೆಯಿತು. ಇಕಾಮಾ, ಎಂದರೆ ಈ ದೇಶದಲ್ಲಿ ಇರಲು ಕೊಡುವ ಪರವಾನಗಿ, ನನಗೂ ಇದೆ. ಆ ಸಾಲು ಯಾರದ್ದೆಂದು ನಾನೂ ಇನ್ನೂ ಯಾರಿಗೂ ಹೇಳಿರಲಿಲ್ಲ.

ಹೇಳಬೇಕೆಂದೇ ನಿರ್ಧಾರ ಮಾಡಿ ಗಂಡನನ್ನು ನೋಡಲು ಲಾಕಪ್ಪಿಗೆ ಹೋದೆ. ಹತ್ತು ನಿಮಿಷ, ನಡುವೆ ಗಾಜು, ಮಾತಿಗೆ ಫೋನು. ಗಡ್ಡ ಬೆಳೆದಿತ್ತು, ಅದೇ ಇಸ್ತ್ರಿ ಅಂಗಿ ಮುದ್ದೆಯಾಗಿತ್ತು. ನಾನು ಒಂದೇ ಉಸಿರಿಗೆ, "ಅದು ನಾನು ಹೇಳಿದ್ದು ಅಂತ ಬರ್ದುಕೊಡ್ತೇನೆ. ನನ್ನ ಕೆಲಸವೇ ಅದು. ನಿಮಗೆ ಗೊತ್ತಿರ್ಲಿಲ್ಲ ಅಂತ ಆಗ್ತದೆ" ಎಂದೆ.

ಅವರು ತಲೆ ಅಲ್ಲಾಡಿಸಿದರು. "ಈ ದಾಲಾ ಪನೊಡ್ಚಿ" ಎಂದರು. ನೀನು ಏನೂ ಹೇಳಬಾರದು ಎಂದು. ಯಾರು ಬರೆಯಲು ಹೇಳಿದರು ಎಂದು ಪೋಲೀಸರು ಮೂರು ಸಲ ಕೇಳಿದ್ದರಂತೆ, ಮೂರು ಸಲವೂ ಇವರು ತಮ್ಮ ಹೆಸರನ್ನೇ ಹೇಳಿದ್ದರಂತೆ. "ನೀನು ಕ್ಲಿಯರಿಂಗ್ ಆಫೀಸಿನವಳು. ನೀನು ಹೇಳಿಕೊಟ್ಟದ್ದು ಅಂತಾದ್ರೆ ಅದು ಬೇರೆಯೇ ಕೇಸ್ ಆಗ್ತದೆ. ಇಬ್ಬರೂ ಒಳಗೆ ಕೂತ್ರೆ ಅವಳ ಪರೀಕ್ಷೆ?" ಆಮೇಲೆ, "ನಾನಾದ್ರೂ ಇದು ಪಿಸ್ತೂಲು ಅಂತ ನಿನಗೆ ಹೇಳ್ಬೇಕಿತ್ತು. ಹೇಳಿದ್ರೆ ನೀನು ಬೈತಿದ್ದಿ" ಎಂದರು. ಹೌದು, ಬೈಯುತ್ತಿದ್ದೆ. ಚೆನ್ನಾಗಿ ಬೈದು ನಿಲ್ಲಿಸುತ್ತಿದ್ದೆ.

ನಾನು ಹೇಳಲಿಲ್ಲ. ಮಗಳಿಗಾಗಿ ಎಂದು ನನಗೆ ನಾನೇ ಎಷ್ಟು ಹೇಳಿಕೊಂಡರೂ, ನನಗೂ ಹೆದರಿಕೆ ಇತ್ತು. ಅದನ್ನು ಇಲ್ಲಿ ಮುಚ್ಚಿಟ್ಟು ಏನು ಪ್ರಯೋಜನ?

ತನಿಖೆಯಲ್ಲಿ ಅದು ಗುಂಡು ಹಾರುವ ವಸ್ತುವಲ್ಲ ಎಂದೇ ಬಂತು. ಜೈಲು ಶಿಕ್ಷೆ ಇಲ್ಲ, ದೇಶದಿಂದ ಹೊರಗೆ ಕಳಿಸುವುದು ಮಾತ್ರ. ಇನ್ನೆಂದೂ ಬರುವಂತಿಲ್ಲ. ಬೆರಳು, ಕಣ್ಣು, ಎರಡರ ಗುರುತೂ ತೆಗೆದುಕೊಂಡಿದ್ದಾರೆ. ಇದೇ ದೊಡ್ಡ ದಯೆ ಎಂದ ಮಂದೂಬ್. ಇವರ ವೀಸಾಕ್ಕೆ ಹೊಣೆಯಾಗಿದ್ದ ಹೋಟೆಲಿನ ಮಾಲಿಕ, ಕಫೀಲನ ಹತ್ತಿರವೂ ಅವನು ಹೋಗಿ ಬಂದಿದ್ದ. "ಮಾಫಿ ಫಾಯ್ದಾ" ಎಂದು ಕೈ ಕೊಡವಿದ. ಉಪಯೋಗವಿಲ್ಲ. ಹದಿನೆಂಟು ವರ್ಷ ಒಂದು ಸಾಬೂನೂ ಕಡಿಮೆಯಾಗದಂತೆ ಸ್ಟೋರು ಕಾದ ಮನುಷ್ಯನ ಬಗ್ಗೆ ಕಫೀಲನ ಬಾಯಿಂದ ಬಂದದ್ದು 'ಖಲಾಸ್' ಒಂದೇ ಮಾತಂತೆ.

ಬಟ್ಟೆಯ ಒಂದು ಬ್ಯಾಗ್ ಕೊಡಲು ಬಿಟ್ಟರು. ಏನು ಹಾಕುವುದು? ಅಂಗಿ, ಪ್ಯಾಂಟು, ಬಿಪಿ ಮಾತ್ರೆ, ಮಗಳ ಒಂದು ಫೋಟೋ. ಮಂಚದ ಕೆಳಗಿನ ಪೆಟ್ಟಿಗೆಯಿಂದ ಆ ಹಲಗೆಯನ್ನೂ ತೆಗೆದೆ, ಬ್ಯಾಗಿನಲ್ಲಿ ಇಟ್ಟೆ, ಮತ್ತೆ ತೆಗೆದೆ. ಅದೇನೆಂದು ಕೇಳಿದರೆ ಏನು ಬರೆಯುವುದು ಎಂದು ಹೆದರಿಕೆಯಾಯಿತು.

ಮಗಳು ಪರೀಕ್ಷೆ ಬರೆದಳು. ಅವಳ ಇಕಾಮಾ ಅಪ್ಪನದ್ದರ ಮೇಲೆ ನಿಂತಿದ್ದದ್ದು, ಆದ್ದರಿಂದ ಪರೀಕ್ಷೆ ಮುಗಿದದ್ದೇ ಮಂಗಳೂರಿಗೆ ಹೊರಟಳು, ಅಲ್ಲೇ ಕಾಲೇಜು ಸೇರಿದಳು. ಅಲ್ಲಿ ಇವರು ಬಾಡಿಗೆಯ ಎರಡು ಕೋಣೆ ಹಿಡಿದು, ಒಂದು ಕೇಟರಿಂಗಿನವರ ಬಳಿ ಪಾತ್ರೆ ಎಣಿಸಿಕೊಡುವ ಕೆಲಸ ಮಾಡುತ್ತಿದ್ದಾರೆ. ಹೋಟೆಲುಗಳಲ್ಲಿ ಕೇಳಿದರೆ ವಯಸ್ಸಾಯಿತು ಎನ್ನುತ್ತಾರಂತೆ. ಮೂವರಲ್ಲಿ ಒಬ್ಬರಾದರೂ ದುಡಿಯಬೇಕಲ್ಲ, ನಾನು ಇಲ್ಲಿ ಉಳಿದೆ. ಫ್ಲ್ಯಾಟ್ ಬಿಟ್ಟು, ಜಾಬ್ರಿಯಾದ ಆಸ್ಪತ್ರೆಯ ಇಬ್ಬರು ನರ್ಸುಗಳ ಜೊತೆ ಒಂದು ಕೋಣೆಯಲ್ಲಿದ್ದೇನೆ. ಆಫೀಸಿಗೆ ಹೋಗುತ್ತೇನೆ. ಗೆಜ್ಜೆ, ಕಿರೀಟ ಬಂದರೆ ಅದೇ ಸಾಲು ಬರೆಯುತ್ತೇನೆ. ಬೇರೆ ಸಾಲು ನನಗೆ ಬರುವುದಿಲ್ಲ.

ಈ ಚಳಿಗಾಲವೂ ನಾಟಕ ಆಯಿತು. ನಾನು ಹೋಗುವವಳೇ ಅಲ್ಲ, ಸಂಘದವರ ಮುಖ ನೋಡುವುದೂ ನನಗೆ ಬೇಡ. ಇವರೇ ಫೋನಿನಲ್ಲಿ ಒಂದು ವಾರ ಹಿಂದೆ ಬಿದ್ದರು. "ನೀನು ಹೋಗು. ಹೋಗಿ ನೋಡಿ ನನಗೆ ಹೇಳು. ಆ ಗುಂಡಿನ ಸೀನ್ ಈ ಸಲವೂ ಉಂಟಂತೆ." ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ಕೂತೆ. ಆ ದೃಶ್ಯ ಬಂತು. ಹೀರೋ ಮರದ ಪಿಸ್ತೂಲು ಎತ್ತಿದ. ಗೋಡೆಯ ಸ್ಪೀಕರಿನಿಂದ 'ಢಂ' ಎಂದು ಬಂತು, ಸರಿಯಾಗಿ ಅವನ ಬೆರಳು ಮಡಚಿದ ಕ್ಷಣಕ್ಕೆ. ಯಾರೋ ಮೊಬೈಲಿನಲ್ಲಿ ಒಂದು ಬಟನ್ ಒತ್ತಿದ್ದರು. ವಿಲನ್ ಬಿದ್ದ. ಶಬ್ದ ಗೋಡೆಯಿಂದ ಬಂತು, ಕೈಯಿಂದ ಬರಲಿಲ್ಲ ಎಂದು ಒಬ್ಬರಿಗೂ ಅನಿಸಲಿಲ್ಲ. ನನ್ನ ಪಕ್ಕದ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮತ್ತೆ ಹಾಲ್ ತುಂಬ ಚಪ್ಪಾಳೆ.

ಮರುದಿನ ಮಧ್ಯಾಹ್ನ ವಿಡಿಯೋ ಕಾಲ್ ಮಾಡಿದರು. ಫೋನು ಎತ್ತಿದ ಕೂಡಲೇ ಕೇಳಿದ್ದು ಅದನ್ನೇ.

"ಶಬ್ದ ಎಂತಾಯ್ತು?"

ಹಿಂದೆ ಅವರ ಕೋಣೆಯ ಗೋಡೆ ಕಾಣುತ್ತಿತ್ತು, ಸುಣ್ಣ ಎದ್ದದ್ದು. ಮುಖ ಇಳಿದುಹೋಗಿತ್ತು.

"ಎಂತ ಆಗುದು, ಈ ಸಲವೂ ತಡ" ಎಂದೆ. "ವಿಲನ್ ಬಿದ್ದು ಎಷ್ಟೋ ಹೊತ್ತಿನ ಮೇಲೆ ಬಂತು. ಜನ ಬಿದ್ದು ಬಿದ್ದು ನಕ್ಕರು."

ಅವರು ನಕ್ಕರು. ಎಷ್ಟೋ ತಿಂಗಳ ಮೇಲೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಫೋನನ್ನು ಮುಖದ ಹತ್ತಿರ ತಂದುಕೊಂಡು, "ನಾನೇ ಇರ್ಬೇಕಿತ್ತು ಅಲ್ವಾ?" ಎಂದರು.

"ಹೌದು, ನೀವೇ ಇರ್ಬೇಕಿತ್ತು" ಎಂದೆ.